ಟ್ರಸ್ಟೋ, ಎಲ್‌ಎಲ್‌ಪಿಯೋ: ನಮ್ಮ ಎಐಎಫ್ ಕಟ್ಟಿದ ಅನುಭವ

2022ರಲ್ಲಿ ನಾವು ಮೂರು ಜನ ಸೇರಿ ಬೆಂಗಳೂರಿನಲ್ಲಿ ಒಂದು ಚಿಕ್ಕ ಎಐಎಫ್, ಅಂದರೆ ಪರ್ಯಾಯ ಹೂಡಿಕೆ ನಿಧಿ, ಶುರು ಮಾಡಿದೆವು. ಹೂಡಿಕೆದಾರರಿಂದ ಹಣ ಸೇರಿಸಿ ಹೂಡುವ ನಿಧಿ ಇದು; ಷೇರುಪೇಟೆ ನಿಯಂತ್ರಕ ಸೆಬಿಯ ವಿಂಗಡಣೆಯಲ್ಲಿ ಎರಡನೇ ಕೆಟಗರಿಯದು. ಮೊದಲ ತಿಂಗಳು ಪೂರ್ತಿ ಒಂದೇ ಜಗಳ: ಇದನ್ನು ಏನಂತ ನೋಂದಾಯಿಸುವುದು? ಮ್ಯೂಚುವಲ್ ಫಂಡ್ ಆಗಿದ್ದರೆ ಈ ತಲೆನೋವೇ ಇರಲಿಲ್ಲ, ಅದು ಟ್ರಸ್ಟ್ ಆಗಿಯೇ ಇರಬೇಕು. ಸೆಬಿಯ 2012ರ ಎಐಎಫ್ ನಿಯಮಗಳಲ್ಲಿ ಟ್ರಸ್ಟ್, ಕಂಪನಿ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಯಾವುದಾದರೂ ನಡೆಯುತ್ತದೆ.

ನಾನು ಎಲ್‌ಎಲ್‌ಪಿ ಪಕ್ಷ. ನಮ್ಮ ಸಲಹೆ ಕೊಡುವ ವ್ಯವಹಾರ ಅದರಲ್ಲೇ ಇತ್ತು, ಗೊತ್ತಿರುವ ದಾರಿ ಸುಲಭ ಅಲ್ವಾ? ತೆರಿಗೆಯೂ ಉಳಿಯುತ್ತದೆ ಅಂದುಕೊಂಡಿದ್ದೆ. ಆಡಿಟರ್ ನಕ್ಕುಬಿಟ್ಟರು. ಒಂದನೇ, ಎರಡನೇ ಕೆಟಗರಿಗೆ ಯಾವ ರೂಪವಾದರೂ ಪಾಸ್-ಥ್ರೂ ಒಂದೇ, ಅಂದರೆ ಬಿಸಿನೆಸ್ ಆದಾಯ ಬಿಟ್ಟು ಉಳಿದದ್ದಕ್ಕೆ ಹೂಡಿಕೆದಾರರೇ ತೆರಿಗೆ ಕಟ್ಟುತ್ತಾರೆ. "ತೆರಿಗೆ ಬಿಡಿ ಸಾರ್, ಜನ ಹೇಗೆ ಒಳಗೆ ಬರ್ತಾರೆ, ದುಡ್ಡು ಹೇಗೆ ಹೊರಗೆ ಹೋಗುತ್ತೆ ನೋಡಿ" ಅಂದರು.

ಹಾಗೆ ನೋಡಿದಾಗ ಮೊದಲು ಕೈಬಿಟ್ಟದ್ದು ಕಂಪನಿಯನ್ನು. ಒಂದು ಹೂಡಿಕೆ ಮಾರಿ ಬಂದ ಅಸಲನ್ನು ಹಂಚಬೇಕು ಅಂದರೆ, ಡಿವಿಡೆಂಡ್ ಲಾಭದಿಂದ ಮಾತ್ರ, ಬೈಬ್ಯಾಕ್‌ಗೆ (ಕಂಪನಿಯೇ ಷೇರು ಮರಳಿ ಕೊಳ್ಳುವುದಕ್ಕೆ) ಮಿತಿ, ಬಂಡವಾಳ ಇಳಿಸಲು ಕಂಪನಿ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿ ಬಾಗಿಲು ತಟ್ಟಬೇಕು.

ಎಲ್‌ಎಲ್‌ಪಿಯಲ್ಲಿ ಆ ಕಾಟವಿಲ್ಲ. ಆದರೆ ದುಡ್ಡು ಹಾಕಿದ ಪ್ರತಿಯೊಬ್ಬರೂ ಪಾಲುದಾರರಾಗುತ್ತಾರೆ, ಒಬ್ಬರು ಬಂದರೂ ಹೋದರೂ ಎಂಸಿಎಗೆ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ) ಫಾರಂ ಹಾಕಬೇಕು. ಕನಿಷ್ಠ ಹೂಡಿಕೆ 1 ಕೋಟಿ. ಅದನ್ನು ಕೊಡಲು ತಯಾರಿದ್ದ ಚಿಕ್ಕಮಗಳೂರಿನ ಕಾಫಿ ಪ್ಲಾಂಟರ್ ಒಬ್ಬರು "ನನ್ನ ಹೆಸರು ಸರ್ಕಾರಿ ದಾಖಲೆಲಿ ಯಾರು ಬೇಕಾದ್ರೂ ನೋಡೋ ಹಾಗಿದ್ರೆ ನಾನು ಬರಲ್ಲಪ್ಪ" ಅಂದುಬಿಟ್ಟರು. ನನ್ನ ಪಕ್ಷ ಅಲ್ಲಿಗೆ ಸೋತಿತು.

ಉಳಿದದ್ದು ಟ್ರಸ್ಟ್. ಸ್ನೇಹಿತರೊಬ್ಬರು ಸೆಟ್ಲರ್, ಅಂದರೆ ಟ್ರಸ್ಟ್ ಹುಟ್ಟುಹಾಕುವವರು, ಆಗಿ 10,000 ರೂಪಾಯಿ ಇಟ್ಟರು, ಟ್ರಸ್ಟಿಯಾಗಿ ಒಂದು ವೃತ್ತಿಪರ ಟ್ರಸ್ಟಿ ಕಂಪನಿಯನ್ನು ಹಿಡಿದೆವು (ಅವರ ವಾರ್ಷಿಕ ಫೀ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ), ಹೂಡಿಕೆದಾರರು ಒಪ್ಪಂದಕ್ಕೆ ಸಹಿ ಹಾಕಿ ನಿಧಿಯ ಯೂನಿಟ್ (ಪಾಲು) ಪಡೆಯುತ್ತಾರೆ, ಅಷ್ಟೇ. ನಿಧಿ ನಡೆಸುವ ಮ್ಯಾನೇಜರ್ ಸ್ಥಾನಕ್ಕೆ ನಮ್ಮ ಹಳೇ ಎಲ್‌ಎಲ್‌ಪಿಯೇ ಬಂತು. ಅಂತೂ ಅದು ಹಿಂದಿನ ಬಾಗಿಲಿಂದ ಒಳಗೆ ಸೇರಿತು!

ಎಡವಿದ್ದು ಟ್ರಸ್ಟ್ ಡೀಡ್‌ನಲ್ಲಿ, ಅಂದರೆ ಟ್ರಸ್ಟ್ ಸ್ಥಾಪಿಸುವ ಪತ್ರದಲ್ಲಿ. ಯೂನಿಟ್ ಕೊಳ್ಳಲು ಸಾರ್ವಜನಿಕರನ್ನು ಆಹ್ವಾನಿಸಕೂಡದು ಅಂತ ಡೀಡ್‌ನಲ್ಲೇ ಬರೆದಿರಬೇಕು. ನಮ್ಮ ವಕೀಲರು ಯಾವುದೋ ಫ್ಯಾಮಿಲಿ ಟ್ರಸ್ಟ್ ಡೀಡನ್ನೇ ತಿದ್ದಿ ಕೊಟ್ಟಿದ್ದರು, ಆ ಸಾಲೇ ಇರಲಿಲ್ಲ. ನಾವೂ ಓದದೆ ಸಹಿ ಹಾಕಿದ್ದೆವು, ಸುಮ್ನೆ ಅವರೊಬ್ಬರನ್ನೇ ಬೈದು ಏನು ಪ್ರಯೋಜನ? ಪೂರಕ ಡೀಡ್ ಮಾಡಿಸಿ, ಮತ್ತೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅಲೆದು, ಆಮೇಲೆ ಸೆಬಿಗೆ ಅರ್ಜಿ ಹಾಕಿದೆವು. ಅರ್ಜಿಗೆ 1 ಲಕ್ಷ, ನೋಂದಣಿಗೆ 10 ಲಕ್ಷ. ನಿಧಿಯಡಿ ತರುವ ಪ್ರತಿ ಸ್ಕೀಮ್‌ಗೆ ಕನಿಷ್ಠ 20 ಕೋಟಿ ಸೇರಬೇಕು, ಅದರ ಶೇ. 2.5 ನಮ್ಮ ಜೇಬಿನದೇ ಇರಬೇಕು, ಅಂದರೆ 50 ಲಕ್ಷ.

ಈಗ ಎರಡನೇ ಸ್ಕೀಮ್‌ನ ತಯಾರಿ. ಟ್ರಸ್ಟ್ ಅದೇ, ಡೀಡ್ ಅದೇ, ಹೊಸ ಪಿಪಿಎಂ (ಹೂಡಿಕೆದಾರರಿಗೆ ಸ್ಕೀಮ್‌ನ ವಿವರ ಹೇಳುವ ದಾಖಲೆ) ಒಂದು ಬರೆದರಾಯಿತು. ಪ್ಲಾಂಟರ್ ಈ ಸಲವೂ ಬರುತ್ತಾರಂತೆ.