ತಲೆಗೆ ಪೆಟ್ಟಾದ ಗುಮಾಸ್ತರು ಮಂಡಿಗೆ ವಾಪಸ್ ಬಂದಾಗ

ಕೋಲಾರದ ಎ.ಪಿ.ಎಂ.ಸಿ.ಯಲ್ಲಿ ನನ್ನದೊಂದು ಟೊಮೆಟೊ ಮಂಡಿ ಇದೆ. ನಮ್ಮ ಗುಮಾಸ್ತರು ಬೈಕಿನಿಂದ ಬಿದ್ದು, ತಲೆಗೆ ಆಪರೇಷನ್ ಆಗಿ, ತಿಂಗಳುಗಟ್ಟಲೆ ಮನೆಯಲ್ಲಿದ್ದು ಈಗ ಮತ್ತೆ ಕೆಲಸಕ್ಕೆ ಬರುತ್ತಿದ್ದಾರೆ. ನಿಮ್ಮಲ್ಲೂ ಇಂಥವರಿದ್ದರೆ ಇದನ್ನು ಓದಿ.

ಡಾಕ್ಟರನ್ನು ಬರೀ "ಫಿಟ್ಟಾ?" ಅಂತ ಕೇಳಿದರೆ ಸಾಲದು. ನಿಮ್ಮ ಕೆಲಸ ಏನು ಅಂತ ಅವರಿಗೇನು ಗೊತ್ತು? ಒಂದು ಹಾಳೆಯಲ್ಲಿ ಬರೆದು ಕಳಿಸಿ: ಎಷ್ಟು ಗಂಟೆಗೆ ಬರಬೇಕು, ಲಾರಿ ಹತ್ತಬೇಕಾ, ಬೈಕ್ ಓಡಿಸಬೇಕಾ, ದುಡ್ಡು ಎಣಿಸಬೇಕಾ. ಫಿಟ್ಸ್ ಭಯ ಇದ್ದರೆ ಎತ್ತರ, ಬೈಕ್, ಮೆಷಿನ್ ಮೂರೂ ಡಾಕ್ಟರ್ ಹೇಳುವ ತನಕ ಬೇಡ.

ಎಲ್ಲಕ್ಕಿಂತ ದೊಡ್ಡದು ಸುಸ್ತು. ಜನ ಇದನ್ನೇ ಸೋಮಾರಿತನ ಅಂದುಕೊಳ್ಳುತ್ತಾರೆ. ಗಾಯ ಮಾಗಿ ಕೂದಲು ಬೆಳೆದ ಮೇಲೆ ನೋಡೋಕೆ ಆರಾಮಾಗೇ ಇರುತ್ತಾರೆ, ಅಲ್ವಾ? ಆದರೆ ಮುಂಚೆ ತಾನಾಗೇ ಆಗುತ್ತಿದ್ದ ಲೆಕ್ಕಕ್ಕೂ ಈಗ ಮಿದುಳು ತುಂಬಾ ದುಡಿಯಬೇಕು. ಹರಾಜಿನ ಹೊತ್ತಲ್ಲಿ ಒಬ್ಬರು ಕನ್ನಡದಲ್ಲಿ ರೇಟು ಕೂಗುತ್ತಾರೆ, ಇನ್ನೊಬ್ಬರು ತೆಲುಗಿನಲ್ಲಿ. ಹಿಂದೆ ಲಾರಿ ಹಾರ್ನು, ಬಾಕ್ಸ್ ಇಳಿಸುವ ಸದ್ದು. ನಮ್ಮವರು ಸ್ವಲ್ಪ ಹೊತ್ತಿಗೇ ಪೆನ್ನು ಹಿಡಿದು ಸುಮ್ನೆ ನಿಂತುಬಿಡುತ್ತಿದ್ದರು. ಅದಕ್ಕೇ ಹರಾಜಿಗೆ ಬೇರೆ ಹುಡುಗನನ್ನು ಹಾಕಿದೆ. ಇವರು ಗದ್ದಲ ಇಳಿದ ಮೇಲೆ ಬಂದು, ಒಳಗಿನ ರೂಮಿನಲ್ಲಿ ಕೂತು ರೈತರ ಪಟ್ಟಿ, ಅಂದರೆ ಮಾಲಿನ ಲೆಕ್ಕದ ಬಿಲ್ಲು, ಬರೆಯುತ್ತಾರೆ. ಮೊದಲಿಗೆ ದಿನ ಬಿಟ್ಟು ದಿನ, ಎರಡೇ ಗಂಟೆ. ಹೊತ್ತು ಹೆಚ್ಚಿಸುವ ಮುಂಚೆ ಅವರ ಜೊತೆ ಮನೆಯವರನ್ನೂ ಕೇಳಿ: ಹೋದವರು ಊಟ ಮಾಡ್ತಾರಾ, ಇಲ್ಲ ಚಪ್ಪಲಿ ಬಿಟ್ಟವರೇ ಮಲಗಿಬಿಡ್ತಾರಾ? ಮಾಲು ಜಾಸ್ತಿ ಬರುವ ಜೂನ್, ಜುಲೈನಲ್ಲಂತೂ ಗಂಟೆ ಹೆಚ್ಚಿಸೋಕೆ ಹೋಗಬೇಡಿ.

ಬಾಯಲ್ಲಿ ಹೇಳಿದ್ದು ನೆನಪಲ್ಲಿ ನಿಲ್ಲೋದು ಕಷ್ಟ. ಪಟ್ಟಿ ಪುಸ್ತಕದ ರಟ್ಟಿನ ಒಳಗೆ ಒಂದು ಚೀಟಿ ಅಂಟಿಸಿದ್ದೇವೆ: ಹೆಸರು, ಬಾಕ್ಸು, ರೇಟು, ಕೂಲಿ, ಬಾಡಿಗೆ, ಕೈಗೆ ಎಷ್ಟು. ಒಂದೊಂದು ಸಾಲು ಮುಗಿದಂತೆ ಅವರು ಸ್ಕೇಲು ಕೆಳಗೆ ಸರಿಸುತ್ತಾರೆ. ಮಧ್ಯದಲ್ಲಿ ಯಾರೂ ಮಾತಾಡಿಸುವಂತಿಲ್ಲ, ನಾನೂ ಸೇರಿ. ಮೊತ್ತವನ್ನು ಇನ್ನೊಬ್ಬರು ನೋಡುತ್ತಾರೆ. ಆದರೆ ಎಲ್ಲರ ಪಟ್ಟಿಯನ್ನೂ ನೋಡುತ್ತಾರೆ. ಇವರೊಬ್ಬರದ್ದೇ ತಿದ್ದಿದರೆ ಮನಸ್ಸಿಗೆ ಚುಚ್ಚುತ್ತೆ.

ಇನ್ನೊಂದು ಯಾರಿಗೂ ತೋಚಲ್ಲ. ತಲೆಗೆ ಪೆಟ್ಟಾದ ಕೆಲವರಿಗೆ ವಾಸನೆಯೇ ಗೊತ್ತಾಗಲ್ಲ. ಬಾಕ್ಸಿನ ಅಡಿಯಲ್ಲಿ ಹಣ್ಣು ಕೊಳೆತು ನಾರುತ್ತಿದ್ದರೂ ನಮ್ಮವರು ಹಾಯಾಗಿ ಪಕ್ಕದಲ್ಲೇ ಕೂತಿದ್ದರು! ಟೀ ಮಾಡುವ ಗ್ಯಾಸ್ ಒಲೆ ಇಂಥವರಿಗೆ ಬಿಡಬೇಡಿ.

ತಟ್ಟಂತ ಸಿಟ್ಟು ಬರೋದೂ ಉಂಟು. ವಾದ ಬೇಡ, ಸ್ವಲ್ಪ ಹೊತ್ತು ಹೊರಗೆ ಗಾಳಿಗೆ ಕೂರಲಿ. ಅವರು ಒಪ್ಪಿದರೆ ಹಮಾಲರಿಗೂ ವಿಷಯ ಹೇಳಿಡಿ.

ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ. ಕೈಗೆ ಕಬ್ಬಿಣ, ಬೀಗದಕೈ ಕೊಡೋದು, ಬಾಯಿಗೆ ನೀರು ಹಾಕೋದು ಬೇಡ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಸಂಬಳದ ಮಾತು ಮೊದಲ ದಿನವೇ ಆಡಿ. ಇ.ಎಸ್.ಐ. (ನೌಕರರ ಸರ್ಕಾರಿ ವಿಮೆ) ಇದ್ದವರಿಗೆ ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದ ತನಕ ಕೂಲಿಯ ಶೇ. 70 ಸಿಗುತ್ತೆ. ನನ್ನಂಥ ಸಣ್ಣ ಮಂಡಿಯಲ್ಲಿ ಅದೆಲ್ಲಿ? ಸದ್ಯಕ್ಕೆ ಅರ್ಧ ಸಂಬಳ, ಪೂರ್ತಿ ಹೊತ್ತು ಬಂದಾಗ ಪೂರ್ತಿ, ಗುಮಾಸ್ತರ ಜಾಗ ಅವರದ್ದೇ ಅಂತ ಅವರ ಹೆಂಡತಿಯ ಎದುರಿಗೇ ಬರೆದುಕೊಟ್ಟಿದ್ದೇನೆ.