ಇಪ್ಪತ್ತೈದು ಬಾಂಡ್ ಸಿನಿಮಾ, ಮೂರು ಪಟ್ಟಿ, ಒಂದು ಜಗಳ

ನಮ್ಮ ಮನೆಯಲ್ಲಿ ಮೂರು ಜನರಿಗೆ ಜೇಮ್ಸ್ ಬಾಂಡ್ ಸಿನಿಮಾಗಳ ಹುಚ್ಚು. ಚಿಕ್ಕಪ್ಪನಿಗೆ ಶಾನ್ ಕಾನರಿ ಬಿಟ್ಟರೆ ಬೇರೆ ಬಾಂಡೇ ಇಲ್ಲ. ಅಕ್ಕನ ಮಗಳು ಡೇನಿಯಲ್ ಕ್ರೇಗ್ ಪಕ್ಷ. ನಾನು ರೋಜರ್ ಮೂರ್ ಕಡೆಯವನು. ಯಾವ ಸಿನಿಮಾ ಚೆನ್ನಾಗಿದೆ ಅಂತ ಮಾತು ಶುರುವಾದರೆ ಐದೇ ನಿಮಿಷದಲ್ಲಿ ದನಿ ಏರುತ್ತಿತ್ತು.

"ಸೂಟು ಹಾಕಿಕೊಂಡವರೆಲ್ಲ ಬಾಂಡ್ ಆಗಲ್ಲ ಕಣೋ" ಅಂತ ಚಿಕ್ಕಪ್ಪ. "ಮಾಮ, ನಿಮ್ಮ ಬಾಂಡ್ ಓಡೋದು ನೋಡಿದ್ರೆ ನನಗೇ ಸುಸ್ತಾಗುತ್ತೆ" ಅಂತ ಅವಳು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 1985ರಲ್ಲಿ 'ಎ ವ್ಯೂ ಟು ಎ ಕಿಲ್' ಬಂದಾಗ ಮೂರ್‌ಗೆ 57 ವರ್ಷ.

ಒಂದು ದಿನ ತೀರ್ಮಾನ ಮಾಡಿದೆವು. 1962ರ 'ಡಾಕ್ಟರ್ ನೋ'ದಿಂದ 2021ರ 'ನೋ ಟೈಮ್ ಟು ಡೈ' ತನಕ ಬಾಂಡ್ ಸರಣಿ ತಯಾರಿಸಿದ ಇಯಾನ್ ಸಂಸ್ಥೆಯ 25 ಸಿನಿಮಾಗಳನ್ನೂ ಮತ್ತೆ ನೋಡುವುದು, ಆಮೇಲೆ ಜಗಳ ಆಡುವುದು.

ಮೊದಲ ಸಲ ಪೂರ್ತಿ ಎಡವಿದೆವು. ತಪ್ಪು ನನ್ನದೇ. ಕಥೆಗೆ ಹತ್ತು, ಖಳನಾಯಕನಿಗೆ ಹತ್ತು, ಸಂಗೀತಕ್ಕೆ ಹತ್ತು, ಸಾಹಸಕ್ಕೆ ಹತ್ತು ಅಂತ ಅಂಕಪಟ್ಟಿ ಮಾಡಿದ್ದೆ. ಐದಾರು ವಾರ ಕಳೆದ ಮೇಲೆ ಕೂಡಿ ನೋಡಿದರೆ ಎಲ್ಲರಿಗಿಂತ ಮುಂದೆ ಇದ್ದದ್ದು 'ಟುಮಾರೋ ನೆವರ್ ಡೈಸ್'! ನಮ್ಮಲ್ಲಿ ಯಾರ ಮೆಚ್ಚಿನ ಸಿನಿಮಾನೂ ಅದಲ್ಲ. ಅದನ್ನು ಯಾರೂ ಬೈದಿರಲಿಲ್ಲ, ಅಷ್ಟೇ. ಹುಚ್ಚು ಹಿಡಿಸುವ ಸಿನಿಮಾಗಳಿಗೆ ಒಬ್ಬರು ಹತ್ತು ಕೊಟ್ಟರೆ ಇನ್ನೊಬ್ಬರು ಮೂರು ಕೊಟ್ಟಿದ್ದೆವು. ಅಂಕ ಕೂಡಿಸಿದರೆ ಗೆಲ್ಲುವುದು ತಪ್ಪು ಮಾಡದ ಸಿನಿಮಾ, ಒಳ್ಳೆಯ ಸಿನಿಮಾ ಅಲ್ಲ. ಪಟ್ಟಿ ಹರಿದು ಹಾಕಿದೆ.

ಎರಡನೇ ಸಲ ಬಿಡುಗಡೆಯಾದ ವರ್ಷದ ಸಾಲು ಬಿಟ್ಟು ಜೋಡಿ ಮಾಡಿ ನೋಡಿದೆವು. ಒಂದರ ಜೊತೆ ಇನ್ನೊಂದನ್ನು ಇಟ್ಟು ನೋಡಲು ಏನಾದರೂ ಕಾರಣ ಇರಬೇಕು. ಇದರಿಂದಲೇ ನಮ್ಮ ವಾದದ ದಾರಿ ಬದಲಾಯಿತು.

ನಿರ್ದೇಶಕ ಲೂಯಿಸ್ ಗಿಲ್ಬರ್ಟ್ ಮಾಡಿದ್ದು ಮೂರು ಬಾಂಡ್ ಸಿನಿಮಾ. 1967ರ 'ಯು ಓನ್ಲಿ ಲಿವ್ ಟ್ವೈಸ್', 1977ರ 'ದ ಸ್ಪೈ ಹೂ ಲವ್ಡ್ ಮಿ', 1979ರ 'ಮೂನ್‌ರೇಕರ್'. ಮೂರನ್ನೂ ಒಂದೇ ವಾರಾಂತ್ಯದಲ್ಲಿ ನೋಡಿ. ಮೊದಲನೆಯದರಲ್ಲಿ ಒಂದು ಬಾಹ್ಯಾಕಾಶ ನೌಕೆ ಇನ್ನೊಂದನ್ನು ನುಂಗುತ್ತದೆ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಪರಸ್ಪರ ಅನುಮಾನ ಪಡುತ್ತವೆ. ಎರಡನೆಯದರಲ್ಲಿ ಒಂದು ತೈಲ ಹಡಗು ಜಲಾಂತರ್ಗಾಮಿಗಳನ್ನು ನುಂಗುತ್ತದೆ, ಅಲ್ಲೂ ಮಹಾಯುದ್ಧ ಹಚ್ಚುವುದೇ ಸಂಚು. ಮೂರನೆಯದರಲ್ಲಿ ಸ್ಪೇಸ್ ಶಟಲ್ ಕಳವು, ಮನುಷ್ಯರನ್ನೆಲ್ಲ ಕೊಂದು ಹೊಸ ಲೋಕ ಕಟ್ಟುವ ಯೋಜನೆ. ಅಡುಗೆ ಒಂದೇ, ಪಾತ್ರೆ ಮಾತ್ರ ಬೇರೆ.

ಮೂರನೆಯದು ಮುಗಿದಾಗ ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಮೂರ್ ಸಿನಿಮಾಗಳೆಲ್ಲ ಮಕ್ಕಳಾಟ ಅಂತ ಅವರು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದರು. ಅದೇ ಮಕ್ಕಳಾಟವನ್ನು ಕಾನರಿ ಹತ್ತು ವರ್ಷ ಮೊದಲೇ ಆಡಿದ್ದು ಈಗ ಕಣ್ಣೆದುರಿಗೇ ಇತ್ತು. ಕೊನೆಗೆ, "ಆ ಜ್ವಾಲಾಮುಖಿ ಸೆಟ್ಟು ನೋಡಿದ್ಯಲ್ಲ" ಅಂದರು. ಒಪ್ಪಲೇಬೇಕು. 'ಯು ಓನ್ಲಿ ಲಿವ್ ಟ್ವೈಸ್'ನ ಖಳನ ಅಡಗುತಾಣಕ್ಕಾಗಿ ಸೆಟ್ ವಿನ್ಯಾಸಕ ಕೆನ್ ಆಡಮ್ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೊದಲ್ಲಿ 10 ಲಕ್ಷ ಡಾಲರ್ ಖರ್ಚಿನಲ್ಲಿ ಕಟ್ಟಿಸಿದ್ದು ಅದು. ಇವತ್ತಿಗೂ ಬಾಯಿ ತೆರೆಸುತ್ತದೆ.

ನನಗೂ ಏಟು ಬಿತ್ತು. 'ಮೂನ್‌ರೇಕರ್' ನನ್ನ ಪಟ್ಟಿಯಲ್ಲಿ ನಾಲ್ಕನೆಯದಾಗಿತ್ತು. ವೆನಿಸ್‌ನಲ್ಲಿ ದೋಣಿ ನೆಲದ ಮೇಲೆ ಹತ್ತಿ ಹೋಗುವಾಗ ಪಾರಿವಾಳವೊಂದು ಕತ್ತು ತಿರುಗಿಸಿ ಮತ್ತೆ ಮತ್ತೆ ನೋಡುತ್ತದೆ. ಹುಡುಗನಾಗಿದ್ದಾಗ ಬಿದ್ದು ಬಿದ್ದು ನಕ್ಕಿದ್ದೆ. ಈಗ ಅಕ್ಕನ ಮಗಳ ಪಕ್ಕ ಕೂತು ನೋಡುವಾಗ ಸುಮ್ನೆ ನೆಲ ನೋಡಿಕೊಂಡೆ. ಆದರೆ ಗರಗರ ತಿರುಗುವ ಯಂತ್ರದಲ್ಲಿ ಬಾಂಡ್‌ನನ್ನು ಕೂರಿಸುವ ದೃಶ್ಯ ಬಂದಾಗ ಅವಳು ಫೋನ್ ಕೆಳಗಿಟ್ಟಳು. ಇಳಿದ ಮೇಲೆ ಅವನಿಗೆ ನಿಲ್ಲಲು ಆಗುವುದಿಲ್ಲ, ಸಹಾಯಕ್ಕೆ ಬಂದವಳ ಕೈಯನ್ನೂ ತಳ್ಳುತ್ತಾನೆ. ಮೂರ್ ನಗಿಸದೆ ನಟಿಸಿದ ಕ್ಷಣ.

ಅಲ್ಲಿಂದ ನಮಗೆ ಅಳತೆ ಮಾಡಲು ಒಂದು ಪ್ರಶ್ನೆ ಸಿಕ್ಕಿತು: ಈ ಸಿನಿಮಾದಲ್ಲಿ ಬಾಂಡ್‌ಗೆ ನಿಜವಾಗಿ ಹೆದರಿಕೆ ಆಗುವುದು ಎಲ್ಲಿ? ಅವನು ಹೆದರದಿದ್ದರೆ ನಾವೂ ಹೆದರುವುದಿಲ್ಲ ಅಲ್ವಾ.

ಈ ಪ್ರಶ್ನೆ ಹಿಡಿದು ಹೊರಟರೆ 1969ರ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್' ದಿಢೀರನೆ ಮೇಲೆ ಬರುತ್ತದೆ. ಜಾರ್ಜ್ ಲೇಜನ್‌ಬಿ ಬಾಂಡ್ ಆಗಿದ್ದು ಅದೊಂದರಲ್ಲೇ. "ಯಾರೋ ಮಾಡೆಲ್ಲು" ಅಂತ ಚಿಕ್ಕಪ್ಪ ಅದನ್ನು ಪೂರ್ತಿ ನೋಡಿಯೇ ಇರಲಿಲ್ಲ. ಬೆಟ್ಟದಿಂದ ತಪ್ಪಿಸಿಕೊಂಡು ಬಂದ ಬಾಂಡ್ ಹಬ್ಬದ ಜನಜಂಗುಳಿಯಲ್ಲಿ ಕೋಟಿನ ಕಾಲರ್ ಎತ್ತಿಕೊಂಡು ಕೂರುತ್ತಾನೆ. ಹಿಮಕರಡಿ ವೇಷದವನೊಬ್ಬ ಎದುರಿಗೆ ಬಂದರೂ ಬೆಚ್ಚುತ್ತಾನೆ. ಅವನ ಉಪಾಯಗಳೆಲ್ಲ ಮುಗಿದಿವೆ. ಆಗ ಒಂದು ಜೋಡಿ ಸ್ಕೇಟ್ಸ್ ಅವನ ಮುಂದೆ ಬಂದು ನಿಲ್ಲುತ್ತದೆ, ತಲೆ ಎತ್ತಿದರೆ ಟ್ರೇಸಿ, ಅವನು ಮುಂದೆ ಮದುವೆಯಾಗುವವಳು. ಅವಳೇ ಕಾರು ಓಡಿಸಿ ಅವನನ್ನು ಪಾರು ಮಾಡುತ್ತಾಳೆ. ಮದುವೆಯ ದಿನವೇ ಅವಳು ಸಾಯುವ ಕೊನೆಯ ದೃಶ್ಯ ಯಾಕೆ ಅಷ್ಟು ಚುಚ್ಚುತ್ತದೆ ಅನ್ನುವುದಕ್ಕೆ ಉತ್ತರ ಈ ಎರಡು ನಿಮಿಷದಲ್ಲಿದೆ.

'ಗೋಲ್ಡ್‌ಫಿಂಗರ್' ಈ ಪರೀಕ್ಷೆಯಲ್ಲಿ ಸೋಲುತ್ತದೆ ಅಂದುಕೊಂಡಿದ್ದೆ. ಎರಡನೇ ಅರ್ಧದಲ್ಲಿ ಬಾಂಡ್ ಹೆಚ್ಚುಕಡಿಮೆ ಸೆರೆಯಾಳು. ಕೊನೆಗೆ ಬಾಂಬ್ ನಿಲ್ಲಿಸುವುದೂ ಅವನಲ್ಲ. ಅವನು ತಂತಿಗಳ ಮುಂದೆ ತಡಬಡಾಯಿಸುತ್ತಿರುವಾಗ ಬೇರೆ ಯಾರೋ ಬಂದು ಸ್ವಿಚ್ ಆರಿಸುತ್ತಾರೆ. ಆದರೆ ಲೇಸರ್ ಮೇಜಿನ ಮೇಲೆ ಕಾನರಿಯ ಹಣೆ ನೋಡಿ. ಕೈಕಾಲು ಕಟ್ಟಿದ್ದಾರೆ, ಯಾವ ಸಾಧನವೂ ಇಲ್ಲ. ಎಲ್ಲೋ ಕಿವಿಗೆ ಬಿದ್ದ ಎರಡು ಪದ ಹೇಳಿ ಬದುಕಿಕೊಳ್ಳುತ್ತಾನೆ. ಬಾಂಬ್‌ನ ಎಣಿಕೆ 007ಕ್ಕೆ, ಅಂದರೆ ಇನ್ನೂ ಏಳು ಬಾಕಿ ಇರುವಾಗ ನಿಲ್ಲುತ್ತದೆ, ಆದರೆ ಬಾಂಡ್ "ಇನ್ನು ಮೂರು ಎಣಿಕೆ ಆಗಿದ್ದರೆ" ಅನ್ನುತ್ತಾನೆ. ಈ ಎಡವಟ್ಟನ್ನು ಅಕ್ಕನ ಮಗಳು ಹಿಡಿದಾಗ ಚಿಕ್ಕಪ್ಪನ ಮುಖ ನೋಡಬೇಕಿತ್ತು.

ಅವಳ ಸರದಿಯೂ ಬಂತು. ಕ್ರೇಗ್ ನಟಿಸಿದ 2008ರ 'ಕ್ವಾಂಟಮ್ ಆಫ್ ಸೋಲೇಸ್' ಸರಣಿಯಲ್ಲೇ ಚಿಕ್ಕದು, 106 ನಿಮಿಷ. ಚಿತ್ರಕಥೆ ಬರೆಯುವ ಹೊತ್ತಿಗೆ ಹಾಲಿವುಡ್ ಬರಹಗಾರರ ಮುಷ್ಕರ ಬಂದಿತ್ತು. ಅದರ ಗಾಯ ಕಾಣುತ್ತದೆ. ಒಂಟಿಯಾಗಿ ನೋಡಿದರೆ ಮೊದಲ ಕಾರ್ ಚೇಸ್‌ನಲ್ಲಿ ಯಾವ ಕಾರು ಯಾರದ್ದು ಅಂತಲೇ ತಿಳಿಯುವುದಿಲ್ಲ. ನಾವು ಕ್ರೇಗ್‌ನ ಹಿಂದಿನ ಸಿನಿಮಾ 'ಕ್ಯಾಸಿನೊ ರಾಯಲ್' ಮುಗಿದ ತಕ್ಷಣ ಹಾಕಿದೆವು. ಕಥೆ ಶುರುವಾಗುವುದೇ ಅದರ ಬೆನ್ನಿಗೆ. ಆಗ ಅದು ಬೇರೆ ಸಿನಿಮಾ ಅನ್ನಿಸದೆ, ದುಃಖದಲ್ಲಿರುವವನ ಕೊನೆಯ ಅಂಕ ಅನ್ನಿಸಿತು. ಚಿಕ್ಕಪ್ಪ ಅದನ್ನು ಆರು ಸ್ಥಾನ ಮೇಲೇರಿಸಿದರು. ಎಡಿಟಿಂಗ್ ಬಗ್ಗೆ ನನ್ನ ತಕರಾರು ಹಾಗೇ ಇದೆ.

ನಾನು ಎಣಿಸಿರದಿದ್ದ ಸಂಗತಿ ಅಂದರೆ ಟಿಮೋಥಿ ಡಾಲ್ಟನ್. ಎರಡೇ ಸಿನಿಮಾ, 1987 ಮತ್ತು 1989ರಲ್ಲಿ. ಆಮೇಲೆ ಕಾನೂನು ತಕರಾರಿನಲ್ಲಿ ಸರಣಿ 1995ರ 'ಗೋಲ್ಡನ್‌ಐ' ತನಕ ನಿಂತೇಹೋಯಿತು. ನಮ್ಮ ಮೂವರಲ್ಲಿ ಯಾರಿಗೂ ಅವನು ಮೊದಲು ನೋಡಿದ ಬಾಂಡ್ ಅಲ್ಲ. ಹಾಗಾಗಿ ಅವನ ಪರ ವಾದಿಸುವವರಿರಲಿಲ್ಲ, ಅವನನ್ನು ಬೀಳಿಸಿ ಗೆಲ್ಲಬೇಕಾದವರೂ ಇರಲಿಲ್ಲ. ಮೂರೂ ಪಟ್ಟಿಗಳಲ್ಲಿ ಅವನ 'ದ ಲಿವಿಂಗ್ ಡೇಲೈಟ್ಸ್' ಮೊದಲ ಎಂಟರೊಳಗೆ ಬಂತು. ಉಳಿದ ಸಿನಿಮಾಗಳ ಬಗ್ಗೆ ನಾವು ಜಗಳ ಆಡುತ್ತಿದ್ದದ್ದು ಬಹುಪಾಲು ನಮ್ಮ ಹನ್ನೆರಡನೇ ವಯಸ್ಸಿನ ಪರವಾಗಿ ಅಂತ ನನಗೆ ಹೊಳೆದದ್ದು ಆಗಲೇ.

ನೀವು ಹೀಗೆ ಕೂರುವುದಾದರೆ ಎರಡು ಮಾತು ಹೇಳುತ್ತೇನೆ. ಸಿನಿಮಾ ಮುಗಿದ ತಕ್ಷಣ ಯಾರೂ ಮಾತಾಡುವ ಮೊದಲು ಎಲ್ಲರೂ ಮೂರು ಸಾಲು ಬರೆದಿಡಿ. ಜೋರು ದನಿಯವರು ಮೊದಲು ಬಾಯಿಬಿಟ್ಟರೆ ಉಳಿದವರ ಅಭಿಪ್ರಾಯ ಅಲ್ಲೇ ಬಾಗುತ್ತದೆ. ನಮ್ಮಲ್ಲಿ ಅದು ಚಿಕ್ಕಪ್ಪ. ಇನ್ನೊಂದು, ವಾರಕ್ಕೊಮ್ಮೆ ನಿಮಗೆ ಹಿಡಿಸದ ಸಿನಿಮಾದ ವಕೀಲರಾಗಿ. 'ಡೈ ಅನದರ್ ಡೇ' ಪರ ವಾದಿಸುವ ಸರದಿ ನನಗೆ ಬಂದಿತ್ತು. ಕತ್ತಿವರಸೆಯ ದೃಶ್ಯ ಇಲ್ಲದಿದ್ದರೆ ನಾನು ಮುಗಿದೇಹೋಗುತ್ತಿದ್ದೆ.

ಪಟ್ಟಿಗಳು ಈಗಲೂ ಮೂರೇ. ಚಿಕ್ಕಪ್ಪನ ಮೊದಲ ಸ್ಥಾನ 'ಫ್ರಮ್ ರಷ್ಯಾ ವಿತ್ ಲವ್'. ಅದು ಅಲ್ಲಾಡಲಿಲ್ಲ, ಅಲ್ಲಾಡುವುದೂ ಇಲ್ಲ. ನನ್ನ 'ಮೂನ್‌ರೇಕರ್' ಈಗ ಇಪ್ಪತ್ತನೆಯದು. ಆದರೆ ಹೊಸ ತಂಟೆ ಶುರುವಾಗಿದೆ. 1983ರಲ್ಲಿ ಬೇರೆ ಸಂಸ್ಥೆ ಕಾನರಿಯನ್ನು ಕರೆತಂದು ಮಾಡಿದ 'ನೆವರ್ ಸೇ ನೆವರ್ ಅಗೇನ್' ಅನ್ನೂ ಸೇರಿಸಬೇಕು ಅಂತ ಚಿಕ್ಕಪ್ಪ ಹಟ ಹಿಡಿದಿದ್ದಾರೆ. ಅದು ಕಾನರಿಯದೇ ಹಳೆಯ ಬಾಂಡ್ ಸಿನಿಮಾ 'ಥಂಡರ್‌ಬಾಲ್' ಕಥೆಯನ್ನೇ ಮತ್ತೆ ತೆಗೆದದ್ದು, ಅದೇ ವರ್ಷದ ಮೂರ್ ಸಿನಿಮಾ 'ಆಕ್ಟೋಪಸಿ' ಗಳಿಕೆಯಲ್ಲಿ ಅದನ್ನು ಹಿಂದೆ ಹಾಕಿತು ಅಂತ ನಾನು ನೆನಪಿಸಿದೆ.

"ಗಳಿಕೆ ಕಟ್ಟಿಕೊಂಡು ಏನಾಗಬೇಕೋ, ಡಿಸ್ಕು ಹಾಕು" ಅಂದರು.