ಮಾತಿನ ಸಾಧನಕ್ಕೆ ಸರ್ಕಾರಿ ನೆರವು: ಮುಂಬಯಿಯಲ್ಲಿ ನಾನು ಶಿಫಾರಸು ಪತ್ರ ಬರೆಯುವ ರೀತಿ

ಮುಂಬಯಿಯಲ್ಲಿ ವಾಕ್ ಚಿಕಿತ್ಸಕಿಯಾಗಿರುವ ನನ್ನ ಬಳಿಗೆ ಬರುವವರಲ್ಲಿ ಕನ್ನಡ, ತುಳು ಮನೆಮಾತಿನವರು ಬಹಳ. ಮಾಟುಂಗ, ವಾಶಿಯ ಹೋಟೆಲುಗಳಲ್ಲಿ ದುಡಿಯುವವರಿಂದ ಹಿಡಿದು ಕಲಬುರಗಿಯ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳವರೆಗೆ ಎಲ್ಲ ಬಗೆಯವರೂ ಇದ್ದಾರೆ. ಶ್ರವಣಯಂತ್ರ, ಗಾಲಿಕುರ್ಚಿಗಳಿಗೆ ಸರ್ಕಾರದ ನೆರವು ಸಿಗುವುದು ಇವರಿಗೆ ಗೊತ್ತಿರುತ್ತದೆ. ಮಾತು ಹೋದವರೂ ಮಾತಿಗೆ ನೆರವಾಗುವ ಸಾಧನಕ್ಕಾಗಿ ಅರ್ಜಿ ಹಾಕಬಹುದೆಂಬುದು ಗೊತ್ತಿರುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ ಅನುಸೂಚಿಯಲ್ಲಿ ವಾಕ್ ಮತ್ತು ಭಾಷಾ ನ್ಯೂನತೆ ಪ್ರತ್ಯೇಕವಾಗಿಯೇ ಇದೆ. ಧ್ವನಿಪೆಟ್ಟಿಗೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡವರನ್ನೂ, ಪಾರ್ಶ್ವವಾಯುವಿನಂಥ ಕಾರಣಗಳಿಂದ ಅಫೇಸಿಯಾಕ್ಕೆ, ಅಂದರೆ ಮಿದುಳಿಗೆ ಪೆಟ್ಟಾಗಿ ಭಾಷೆಯ ಶಕ್ತಿ ಕುಂದುವ ಸ್ಥಿತಿಗೆ, ಒಳಗಾದವರನ್ನೂ ಅದು ಉದಾಹರಣೆಯಾಗಿ ಹೆಸರಿಸುತ್ತದೆ. ನನ್ನ ಪತ್ರಗಳ ಮೊದಲ ಸಾಲಿನಲ್ಲಿ ನಾನು ಬರೆಯುವುದು ಇದನ್ನೇ, ಏಕೆಂದರೆ ಕಡತ ನೋಡುವ ಗುಮಾಸ್ತರಿಗೆ ಈ ಹೆಸರು ಕಿವುಡುತನದಷ್ಟು ಪರಿಚಿತವಲ್ಲ.

ಕಾಗದಪತ್ರಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರ, ಯುಡಿಐಡಿ ಕಾರ್ಡು (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಮತ್ತು ತಹಶೀಲ್ದಾರರ ಆದಾಯ ಪತ್ರ ಕೈಯಲ್ಲಿರಬೇಕು. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ತಿಂಗಳ ಆದಾಯ 22,500 ರೂಪಾಯಿಯವರೆಗೆ ಇದ್ದರೆ ಸಾಧನದ ಪೂರ್ತಿ ವೆಚ್ಚಕ್ಕೂ, 30,000ದವರೆಗೆ ಇದ್ದರೆ ಅರ್ಧಕ್ಕೂ ನೆರವು ಸಿಗುತ್ತದೆ. ವಿಳಾಸವೆಲ್ಲ ಊರಿನದಾಗಿದ್ದು ಬದುಕು ಇಲ್ಲಿ ಸಾಗಿರುವವರು ಪ್ರಮಾಣಪತ್ರಕ್ಕಾಗಿ ರೈಲು ಹತ್ತಬೇಕಾಗಿಲ್ಲ. ಆ ವೈಕಲ್ಯಕ್ಕೆ ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯಲ್ಲಿಯೂ ಅರ್ಜಿ ಕೊಡಲು ನಿಯಮದಲ್ಲಿ ಅವಕಾಶವಿದೆ. ತಪಾಸಣೆಯಲ್ಲಿ ಮಾತಿನ ಸ್ಪಷ್ಟತೆಯನ್ನು ಅಳೆಯುತ್ತಾರೆ. ಕನ್ನಡ ಬಿಟ್ಟರೆ ಬೇರೆ ಭಾಷೆ ಆಡದವರನ್ನು ಮರಾಠಿ ಬಲ್ಲ ಸಿಬ್ಬಂದಿ ಪರೀಕ್ಷಿಸುವಾಗ ಗೊಂದಲವಾಗುವುದರಿಂದ, ರೋಗಿಯ ಕನ್ನಡದ ಮಾತನ್ನು ಧ್ವನಿಮುದ್ರಿಸಿ, ಅದರಲ್ಲಿ ಅಪರಿಚಿತ ಕನ್ನಡಿಗರಿಗೆ ಎಷ್ಟು ಅರ್ಥವಾಯಿತೆಂಬ ನನ್ನ ಟಿಪ್ಪಣಿಯೊಂದಿಗೆ ಕಳುಹಿಸುತ್ತೇನೆ.

ಕಡತದ ಭವಿಷ್ಯ ನಿರ್ಧಾರವಾಗುವುದು ಶಿಫಾರಸು ಪತ್ರದಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ‘ಮಾತಿನ ಸಾಧನ ಅಗತ್ಯವಿದೆ’ ಎಂದು ಬರೆದರೆ ಅದು ಯಾವ ಸಾಧನ, ಏಕೆ ಎಂಬ ಪ್ರಶ್ನೆಯೊಂದಿಗೆ ಪತ್ರ ಹಿಂದಿರುಗುತ್ತದೆ. ಎಡಿಐಪಿಯಲ್ಲಿ ಒಮ್ಮೆ ಸಾಧನ ಪಡೆದವರು ಅಂಥದೇ ಇನ್ನೊಂದಕ್ಕಾಗಿ ಮೂರು ವರ್ಷ ಕಾಯಬೇಕು, ಹನ್ನೆರಡರೊಳಗಿನ ಮಕ್ಕಳಾದರೆ ಒಂದು ವರ್ಷ. ಆದ್ದರಿಂದ ಎರವಲು ತಂದ ಸಾಧನವನ್ನು ಮನೆಯಲ್ಲಿ, ಕೆಲಸದ ಜಾಗದಲ್ಲಿ ಬಳಸಿ ನೋಡಿದ ಮೇಲೆಯೇ ನಾನು ಪತ್ರಕ್ಕೆ ಕೈಹಾಕುತ್ತೇನೆ.

ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ, ಕಾರ್ಕಳ ಮೂಲದ ಹಿರಿಯರೊಬ್ಬರ ಧ್ವನಿಪೆಟ್ಟಿಗೆಯನ್ನು ಕ್ಯಾನ್ಸರಿನ ಕಾರಣ ತೆಗೆಯಲಾಗಿತ್ತು. ಅವರಿಗೆ ನಾನು ಪ್ರಯೋಗಿಸಿದ್ದು ಎಲೆಕ್ಟ್ರೋಲ್ಯಾರಿಂಕ್ಸ್ ಎಂಬ ಕೈಯಲ್ಲಿ ಹಿಡಿಯುವ ಸಾಧನ. ಅದನ್ನು ಕೊರಳಿಗೆ ಒತ್ತಿದರೆ ಕಂಪನ ಬಾಯಿಯೊಳಗೆ ಹಾಯುತ್ತದೆ, ತುಟಿ ಮತ್ತು ನಾಲಿಗೆ ಅದನ್ನು ಮಾತಾಗಿ ರೂಪಿಸುತ್ತವೆ. ವಿಕಿರಣ ಚಿಕಿತ್ಸೆಯಿಂದ ಗಟ್ಟಿಯಾದ ಕೊರಳಿನ ಚರ್ಮದಲ್ಲಿ ಕಂಪನ ಸರಿಯಾಗಿ ಹಾಯುವುದಿಲ್ಲ. ಅವರ ವಿಷಯದಲ್ಲಿ ಕೊನೆಗೆ ಒದಗಿದ್ದು ಕೆನ್ನೆಯ ಒಂದು ಭಾಗ. ಕಂಪನ ಎಡೆಬಿಡದೆ ಇರುವುದರಿಂದ ‘ಕಾಫಿ’ ಎಂದದ್ದು ‘ಗಾಫಿ’ ಎಂದು ಕೇಳುತ್ತದೆ. ಶ್ವಾಸಕೋಶದ ಗಾಳಿ ಬಾಯಿಗೆ ಬಾರದ ಕಾರಣ ಹಕಾರ ಹುಟ್ಟುವುದೇ ಇಲ್ಲ, ‘ಹಾಲು’ ‘ಆಲು’ ಆಗುತ್ತದೆ. (ಹಳೇ ಮೈಸೂರು ಕಡೆಯವರಿಗೆ ಇದರಿಂದ ಹೆಚ್ಚಿನ ತೊಂದರೆಯಾಗದು.) ಚಿಕ್ಕ ಚಿಕ್ಕ ತುಣುಕುಗಳಲ್ಲಿ ಮಾತಾಡುವುದು, ಮಾತು ಮುಗಿದೊಡನೆ ಗುಂಡಿ ಬಿಡುವುದು, ಬಾಯಿಯನ್ನು ಅಗಲವಾಗಿ ತೆರೆದು ಉಚ್ಚರಿಸುವುದು, ಇವಿಷ್ಟನ್ನು ಕಲಿತ ಮೇಲೆ ಗಲ್ಲಾದ ಸದ್ದಿನ ನಡುವೆಯೇ ಅವರನ್ನು ಕೂರಿಸಿ ಪರೀಕ್ಷಿಸಿದೆ. ಅಡುಗೆಮನೆಯ ಹುಡುಗರಿಗೆ ಅವರು ಹೇಳಿದ ಆರ್ಡರುಗಳಲ್ಲಿ ಎಷ್ಟು ಸರಿಯಾಗಿ ತಲುಪಿದವೆಂಬ ಲೆಕ್ಕ ಪತ್ರದ ಮುಖ್ಯ ಭಾಗವಾಯಿತು. ‘ಮೇಡಂ, ನೀವು ಬಿಲ್ ಬರೆದ ಹಾಗೆ ಬರೆದಿದ್ದೀರಿ’ ಎಂದು ಅವರ ಮಗ ನಕ್ಕ. ಕಚೇರಿಗೆ ಬೇಕಾಗಿರುವುದು ಅಂಥ ಬರಹವೇ. ಆಮದು ಸಾಧನದ ಬೆಲೆ ಯೋಜನೆಯ ಮಿತಿಯನ್ನು ಮೀರುತ್ತಿದ್ದುದರಿಂದ, ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗಾಗಿ ಎತ್ತಿಡಬೇಕಾದ ಶೇ. 5ರ ನಿಧಿಗೂ ಅದೇ ಪತ್ರದೊಂದಿಗೆ ಅರ್ಜಿ ಹಾಕಿಸಿದೆ. ಹಣ ಬಂದದ್ದು ಅಲ್ಲಿಂದ.

ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಯ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಮಕ್ಕಳ ವಿಷಯದಲ್ಲಿ ದಾರಿ ಬೇರೆ. ಡೊಂಬಿವಲಿಯಲ್ಲಿರುವ, ಕಲಬುರಗಿ ಕಡೆಯ ಹುಡುಗಿಯೊಬ್ಬಳ ತಾಯಿ ಬಂದೊಡನೆ ಕೇಳಿದ್ದು, ‘ಅಕ್ಕಾರ, ಇಕಿಗಿ ಟ್ಯಾಬ್ ಕೊಡಸ್ರಿ’ ಎಂದು. ಬೆನ್ನು ನೇರವಾಗಿ ನಿಲ್ಲದ ಮಗುವಿನ ಕೈ ಯಾವ ಪರದೆಗೂ ಗುರಿಯಿಟ್ಟು ತಾಗದು. ಆಸನ ಸರಿಪಡಿಸಿ, ಹೌದು ಮತ್ತು ಅಲ್ಲ ಎಂಬುದಕ್ಕೆ ಕಣ್ಣಿನ ನಂಬಲರ್ಹ ಸನ್ನೆ ಗುರುತಿಸಿ, ಆಮೇಲೆ ಬೇಕಾದ ಮಾತನ್ನು ಚಿತ್ರದಿಂದ ತಿಳಿಸುವ ಚಿತ್ರಫಲಕ ಮಾಡಿಕೊಟ್ಟೆ. ಸ್ಪೇನಿನ ಅರಗಾನ್ ಸರ್ಕಾರದ ಒಡೆತನದ, ಇಂಥ ಫಲಕಗಳಿಗೆ ಬಳಸುವ ಅರಸಾಕ್ ಚಿತ್ರಗಳು ಉಚಿತವಾಗಿ ದೊರೆಯುತ್ತವೆ. ಇಲ್ಲಿನ ಐಐಟಿ ಬಾಂಬೆಯ ವಿನ್ಯಾಸ ವಿಭಾಗ ರೂಪಿಸಿದ, ಚಿತ್ರ ಒತ್ತಿದರೆ ಮಾತಾಡುವ ಜೆಲ್ಲೋ ಆ್ಯಪ್ ಕೂಡ ಉಚಿತ. ಖರ್ಚಿಲ್ಲದ ಈ ಹಂತವನ್ನು ದಾಟಿದ ಮಗುವಿಗೆ ಸಾಧನ ಏಕೆ ಬೇಕೆಂದು ಕಚೇರಿಗೆ ವಿವರಿಸುವುದು ಕಷ್ಟವಾಗುವುದಿಲ್ಲ.

ಫಲಕದಲ್ಲಿ ಮನೆಯವರು ಮೊದಲು ಬಯಸುವುದು ನೀರು, ಊಟ, ಶೌಚ. ಇವನ್ನು ತಾಯಿ ಮಾತಿಲ್ಲದೆಯೂ ಊಹಿಸಬಲ್ಲಳು. ಅವುಗಳಿಗಿಂತ ಮೊದಲು ‘ಬ್ಯಾಡ’, ‘ಇನ್ನಟು’ (ಇನ್ನಷ್ಟು), ‘ಸಾಕು’, ‘ನಾ ಮಾಡ್ತೀನಿ’, ‘ಇಲ್ಲಿ ಬಾ’ ಎಂಬ ಮಾತುಗಳನ್ನು ಇಡಿಸಿದೆ, ಏಕೆಂದರೆ ಇವು ಎಲ್ಲ ಸಂದರ್ಭಕ್ಕೂ ಒದಗುತ್ತವೆ ಮತ್ತು ಮಗುವಿಗೆ ಎದುರಾಡುವ ಅವಕಾಶ ಕೊಡುತ್ತವೆ. ಈ ಮಾತುಗಳನ್ನು ಸಾಧನಕ್ಕೆ ತುಂಬುವಾಗ ಧ್ವನಿಯ ಪ್ರಶ್ನೆ ಬರುತ್ತದೆ. ಯಂತ್ರದ ಕನ್ನಡ ಧ್ವನಿ ಪುಸ್ತಕದ ಕನ್ನಡವನ್ನಾಡುತ್ತದೆ; ಅದರ ಬದಲು ಸೋದರತ್ತೆಯ ಮಗಳಾದ, ಅವಳದೇ ವಯಸ್ಸಿನ ಹುಡುಗಿಯಿಂದ ಕಲಬುರಗಿಯ ಮಾತಿನಲ್ಲೇ ಧ್ವನಿ ತುಂಬಿಸಿದೆವು. ಶಾಲೆಗೆಂದು ಮರಾಠಿಯ ಪುಟವೊಂದು ಬೇರೆ ಇದೆ, ಅದನ್ನು ತುಂಬುವ ಕೆಲಸ ಶಿಕ್ಷಕಿಯದು.

ನೆರವಿನ ಹಣ ವಸ್ತುವಿಗೆ ಸಲ್ಲುತ್ತದೆ, ಅದಕ್ಕೆ ಮಾತು ತುಂಬುವ ಶ್ರಮಕ್ಕೆ ಸಲ್ಲುವುದಿಲ್ಲ. ಇದು ಯೋಜನೆಯ ದೊಡ್ಡ ಕೊರತೆ ಎಂದೇ ನಾನು ಭಾವಿಸುತ್ತೇನೆ. ಹಾಗಾಗಿ ಮನೆಯಲ್ಲಿ ಚಾರ್ಜು ಮಾಡುವವರು ಯಾರು, ಹೊಸ ಮಾತು ಸೇರಿಸುವವರು ಯಾರು, ಕೆಟ್ಟರೆ ಎಲ್ಲಿಗೆ ಒಯ್ಯಬೇಕು ಎಂಬ ಮೂರನ್ನೂ ಪತ್ರದ ಕೊನೆಯಲ್ಲಿ ಬರೆದು, ಕುಟುಂಬದವರ ಸಹಿ ಹಾಕಿಸುತ್ತೇನೆ. ಸಾಧನ ಬಂದು ಮೂರು ತಿಂಗಳಾದ ಮೇಲೆ ಕರೆಸಿ, ಯಾವ ಗುಂಡಿಗಳನ್ನು ಒಮ್ಮೆಯೂ ಒತ್ತಿಲ್ಲವೆಂದು ನೋಡಿ ಅವುಗಳ ಜಾಗಕ್ಕೆ ಬೇರೆ ಮಾತುಗಳನ್ನು ಹಾಕುತ್ತೇವೆ. ಆ ಹುಡುಗಿಯ ಫಲಕದಲ್ಲಿ ಹೀಗೆ ಮೊದಲು ತೆಗೆದದ್ದು ‘ನಮಸ್ಕಾರ’, ಸೇರಿಸಿದ್ದು ತಮ್ಮನ ಮೇಲೆ ಚಾಡಿ ಹೇಳಲು ಬೇಕಾದ ಅವನ ಹೆಸರು.